ಮಾರ್ಥಾಳ ಹೊಸ್ತಿಲು

ದೆವ್ವ, ಮಾಟ, ಶಾಪ ಯಾವುದನ್ನೂ ನಾನು ನಂಬಿದವಳಲ್ಲ. ನಮ್ಮ ಓಣಿಯ ಹೆಂಗಸರು ಹಿಡಿಮಣ್ಣು ತೂರಿ, ನೆಟಿಗೆ ಮುರಿದು ಶಪಿಸುವುದನ್ನು ಕಂಡಾಗ, ಬೆರಳು ನೋಯುವುದಷ್ಟೇ ಲಾಭ ಎಂದು ನಗುತ್ತಿದ್ದೆ. ನಾನು ಓದಿದ್ದು ಮೂರನೇ ಇಯತ್ತೆ. ಬರೆದದ್ದು ಓರೆಕೋರೆ ಇದ್ದರೆ ನೀವೇ ನೆಟ್ಟಗೆ ಮಾಡಿಕೊಳ್ಳಿ. ಸುಳ್ಳಂತೂ ಬರೆದಿಲ್ಲ.

ಲಾಸ್ ಏಂಜಲೀಸ್‌ಗೂ ಸ್ಯಾನ್ ಡಿಯಾಗೋಗೂ ನಡುವೆ, ಸ್ಪೇನಿನ ಪಾದ್ರಿಗಳ ಕಾಲದ ಒಂದು ಸಣ್ಣ ಊರು. ಅಳಿಯ ತೀರಿಕೊಂಡ ಮೇಲೆ ಮಗಳು ಶಾರದಾ ವಾಲ್‌ನಟ್ ಎಂಬ ಊರಿನ ಮನೆ ಬಿಟ್ಟು, ಅಲ್ಲಿ ಇಳಕಲ್ ಬಟ್ಟೆಯ ಚೀಲಗಳ ಅಂಗಡಿ ಇಟ್ಟಳು. ಮುಂದೆ ಅಂಗಡಿ, ಹಿಂದೆ ನಮ್ಮ ವಾಸ. ಬಾಡಿಗೆ ಮನೆಯಾದರೂ ಅವಳು ಮತ್ತೆ ಎದ್ದು ನಿಂತದ್ದು ಅಲ್ಲಿಯೇ.

ನೋಡಿ ಹೋಗುವವರಿಗೆ ಆ ಊರು ಚೆಂದ. ವರ್ಷವಿಡೀ ಇರುವವರ ಪಾಡು ಬೇರೆ. ಹಿತ್ತಲಲ್ಲಿ ಸೀರೆ ಒಣಹಾಕಿದರೆ ಅದರ ಫೋಟೋ ಹಿಡಿಯುತ್ತಿದ್ದರು. ಬಾಗಿಲು ತೆರೆದಿದ್ದರೆ ಮ್ಯೂಸಿಯಂ ಎಂದು ಅಡುಗೆಮನೆಯವರೆಗೂ ಬರುತ್ತಿದ್ದರು. ಸಂಜೆ ಬಸ್ಸುಗಳು ಹೋದ ಮೇಲೆ ಮಾತಾಡಿಸಲು ಒಂದು ನರಪಿಳ್ಳೆಯೂ ಇಲ್ಲ. ಇದ್ದವಳು ಪಕ್ಕದ ಮನೆಯ ಮಾರ್ಥಾ ಒಬ್ಬಳೇ. ಹಳೇ ಕಾಲದ ಉದ್ದ ಲಂಗ ತೊಟ್ಟು ಪ್ರವಾಸಿಗರಿಗೆ ಊರು ತೋರಿಸುವುದು ಅವಳ ಕೆಲಸ. ನನ್ನ ಕೈಯ ಶೇಂಗಾ ಹೋಳಿಗೆ ಎಷ್ಟು ತಿಂದಳೋ.

ಎರಡು ಸಾವಿರದ ಐದರ ದೀಪಾವಳಿ. ಆ ಮನೆಯ ಗೋಡೆ ಮಣ್ಣಿನದು, ನಮ್ಮ ಕಡೆಯ ಗೋಡೆಗಳಂತೆಯೇ. ಮಣ್ಣಿನ ಮನೆಗೆ ಹಬ್ಬದಲ್ಲಿ ಏನು ಮಾಡಬೇಕೋ ಅದನ್ನೇ ಮಾಡಿದೆ. ಹಿತ್ತಲಿನ ಕೆಂಪು ಮಣ್ಣು ಕಲಸಿ ಹೊಸ್ತಿಲು, ಗೋಡೆಯ ಬುಡ ಸಾರಿಸಿ, ಸುಣ್ಣದ ಎಳೆ ಎಳೆದು ರಂಗೋಲಿ ಹಾಕಿದೆ. ಮಾರ್ಥಾ ಬಂದು, ಬ್ಯೂಟಿಫುಲ್ ಎಂದು ಫೋಟೋ ತೆಗೆದುಕೊಂಡಳು. ಆ ಫೋಟೋ ಹಳೆಯ ಕಟ್ಟಡಗಳನ್ನು ಕಾಯುವ ಊರಿನ ಕಮಿಟಿಗೆ ಹೋಯಿತು. ಹಳೆಯ ಕಟ್ಟಡ ಕೆಡಿಸಿದ್ದಾರೆ ಎಂದು ನಮ್ಮಿಂದ ಮನೆ ಬಿಡಿಸಿದರು. ನಮ್ಮ ಜಾಗಕ್ಕೆ ಅವಳ ತಂಗಿಯ ಮೇಣದಬತ್ತಿ ಅಂಗಡಿ ಬಂತು. ಆಮೇಲೆ ತಿಳಿಯಿತು, ಮಾರ್ಥಾ ಮೊದಲಿನಿಂದಲೂ ತಂಗಿಗಾಗಿ ಆ ಜಾಗ ಕೇಳುತ್ತಿದ್ದಳು.

ಸಾಮಾನು ಲಾರಿಗೆ ಏರಿಸುವ ದಿನ ಮಾರ್ಥಾ ನನ್ನ ಹೊಸ್ತಿಲನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದಳು. ಕೆರೆದು ಬಿದ್ದ ಕೆಂಪು ಮಣ್ಣನ್ನು ಬೊಗಸೆಯಲ್ಲಿ ತುಂಬಿಕೊಂಡು ಅವಳ ಬಾಗಿಲಿಗೆ ತೂರಿದೆ. ಹತ್ತೂ ಬೆರಳಿನ ನೆಟಿಗೆ ಮುರಿದೆ.

"ನನ್ನ ರಂಗೋಲಿ ಅಳಸಾಕತ್ತೀಯಲ್ಲ, ಅಳಸೂದ್ರಾಗ ನಿನ್ನ ಕೈ ಸವೀಲಿ," ಎಂದೆ.

"ಅವ್ವಾ, ಆಕಿಗೆ ತಿಳೀದಿಲ್ಲ, ನಡಿ," ಎಂದಳು ಶಾರದಾ.

"ಆಕಿಗೆ ತಿಳೀದಿದ್ರ ಬ್ಯಾಡ. ತಿಳಿಯೂ ಕಡೆ ತಿಳೀತದ."

ಹೀಗೆ ಅಂದೆನೇ ಹೊರತು ಆಗಲೂ ನಂಬಿರಲಿಲ್ಲ. ಹೊಟ್ಟೆಯ ಉರಿಗೆ ಅಂದದ್ದು.

ಅಲ್ಲಿಂದ ಕಾರಿನಲ್ಲಿ ಒಂದು ಗಂಟೆ ದೂರ, ಸ್ಯಾನ್ ಡಿಯಾಗೋ ಕಡೆಯ ರಾಂಚೊ ಪೆನಾಸ್ಕಿಟೋಸ್‌ನಲ್ಲಿ ಅಪಾರ್ಟ್‌ಮೆಂಟ್ ಸಿಕ್ಕಿತು. ಶಾರದಾ ಯಾರದೋ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ನಾನು ಬೆಳಿಗ್ಗೆ ಬಾಗಿಲ ಮುಂದಿನ ಸಿಮೆಂಟಿಗೆ ರಂಗೋಲಿ ಹಾಕುತ್ತಿದ್ದೆ. ಚಹಾ ಕುಡಿದು ಬಂದು ನೋಡಿದರೆ ಅದು ಇರುತ್ತಿರಲಿಲ್ಲ. ಒರೆಸಿದ ಗುರುತಿಲ್ಲ, ನೀರಿನ ಪಸೆಯಿಲ್ಲ. ಗುಡಿಸುವವನ ಕೆಲಸ ಎಂದು ಅವನನ್ನು ಬೈದೆ. ಪಾಪ, ಅವನು ಆ ವಾರ ರಜೆಯಲ್ಲಿದ್ದನಂತೆ. ಕುರ್ಚಿ ಹಾಕಿಕೊಂಡು ಕಾದೆ. ಕುಕ್ಕರ್ ಕೂಗಿತೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಸಿಮೆಂಟು ಬೋಳಾಗಿತ್ತು.

ಅಷ್ಟರಲ್ಲಿ ಶಾರದಾಳಿಗೆ ಮಾರ್ಥಾಳ ಫೋನು ಬಂತು. ನಿನ್ನ ತಾಯಿ ದಿನಾ ಬಂದು ನನ್ನ ಬಾಗಿಲಲ್ಲಿ ಬಿಳಿ ಪುಡಿ ಬರೆದು ಹೋಗುತ್ತಾಳೆ, ಪೊಲೀಸರಿಗೆ ಹೇಳುತ್ತೇನೆ ಎಂದಳಂತೆ.

ಶಾರದಾ ನನ್ನ ಮುಖ ನೋಡಿದಳು. "ಅವ್ವಾ, ನನಗ ಗೊತ್ತಿಲ್ಲದಂಗ ಕಾರ್ ಡ್ರೈವ್ ಮಾಡೂದು ಕಲಿತೀಯೇನ?"

"ಹೂಂ, ಲೈಸನ್ಸಿಗೂ ಅಪ್ಲೈ ಮಾಡೀನಿ," ಎಂದೆ.

ಭಾನುವಾರ ಹೋಗಿ ಇತ್ಯರ್ಥ ಮಾಡಿಬಿಡೋಣ ಎಂದಳು. ಹೊರಡುವ ಮೊದಲು ಅವಳೆದುರಿಗೇ ಕಮಲದ ರಂಗೋಲಿ ಹಾಕಿದೆ. ಕೊನೆಯ ಎಸಳಿಗೆ ಪುಡಿ ಸಾಲಲಿಲ್ಲ. ಡಬ್ಬಿಯಿಂದ ಅರಿಶಿನ ತಂದು ಮುಗಿಸಿದೆ. ಕಾರು ಹತ್ತುವಾಗ ಇಬ್ಬರೂ ತಿರುಗಿ ನೋಡಿದೆವು, ರಂಗೋಲಿ ಅಲ್ಲಿಯೇ ಇತ್ತು.

ಆ ಊರು ಮುಟ್ಟಿದಾಗ ಮಾರ್ಥಾ ಉದ್ದ ಲಂಗ ಮೇಲೆತ್ತಿ, ತನ್ನ ಹೊಸ್ತಿಲ ಮುಂದೆ ಮೊಣಕಾಲೂರಿ ತಿಕ್ಕುತ್ತಿದ್ದಳು. ಸುತ್ತ ಪ್ರವಾಸಿಗರು ನಿಂತು ಫೋಟೋ ಹಿಡಿಯುತ್ತಿದ್ದರು. ಕಲ್ಲಿನ ಮೇಲೆ ನನ್ನ ಕಮಲ. ಏಳು ಎಸಳು ಬಿಳಿ, ಎಂಟನೆಯದು ಅರಿಶಿನ. ಶಾರದಾ ನನ್ನ ತೋಳು ಗಟ್ಟಿಯಾಗಿ ಹಿಡಿದಳು.

ಮಾರ್ಥಾ ಎದ್ದು ಎರಡೂ ಅಂಗೈ ತೋರಿಸಿದಳು. ಚರ್ಮ ಸುಲಿದು ಕೆಂಪಾಗಿದ್ದವು. ಏನೋ ಅಂದಳು.

"ಅವ್ವಾ, ನಿಲ್ಲಸು ಅಂತ ಬೇಡ್ಕೊಳ್ಳಾಕತ್ತಾಳ."

"ನಾ ನನ್ನ ಬಾಗಲಕ್ಕ ಹಾಕ್ತೀನಿ. ಅದು ಇಲ್ಲಿಗೆ ಬಂದ್ರ ನಾ ಏನ್ ಮಾಡ್ಲಿ?"

"ಹಂಗಾರ ಅಲ್ಲಿ ಹಾಕೂದು ಬಿಡು."

"ನಮಗ ಮನೀ ತಿರುಗಿ ಕೊಡಸ್ತಾಳೇನು, ಕೇಳು."

ಶಾರದಾ ಕೇಳಿದಳು. ಮಾರ್ಥಾ ತಂಗಿಯ ಅಂಗಡಿಯ ಕಡೆ ನೋಡಿ ತಲೆ ತಗ್ಗಿಸಿದಳು. ನಾವು ಹಿಂದಿರುಗಿದೆವು. ನಮ್ಮ ಬಾಗಿಲ ಮುಂದೆ ಒಂದು ಚುಕ್ಕೆಯೂ ಉಳಿದಿರಲಿಲ್ಲ.

ಇದು ಹೇಗಾಯಿತು ಎಂದು ನನಗೆ ಇಂದಿಗೂ ಗೊತ್ತಿಲ್ಲ. ರಾಂಚೊ ಬರ್ನಾರ್ಡೊದ ಇಂಜಿನಿಯರ್ ಒಬ್ಬರು ಕೇಳಿ, "ಗಾಳಿ ಇರಬೇಕು, ಆಂಟಿ," ಎಂದರು. ಗಾಳಿಗೆ ಕಮಲ ಬಿಡಿಸಲು ಬರುತ್ತದೆಯೇ ಎಂದು ಕೇಳಿದೆ. ಶಾರದಾ ಆ ಮಾತು ಎತ್ತುವುದಿಲ್ಲ. ಮಾರ್ಥಾ ಮತ್ತೆ ಫೋನು ಮಾಡಿಲ್ಲ. ಆದರೆ ನನ್ನ ಬಾಗಿಲ ಮುಂದೆ ರಂಗೋಲಿ ಈಗಲೂ ಉಳಿಯುವುದಿಲ್ಲ.

ನಾನು ಹಾಕುವುದನ್ನು ಬಿಟ್ಟಿಲ್ಲ. ಮೊದಲು ಚಿಕ್ಕದು ಹಾಕುತ್ತಿದ್ದೆ. ಈಗ ಸಿಮೆಂಟಿನ ತುಂಬ ಹಾಕುತ್ತೇನೆ.