ಖಸಖಸಿ ಕಾಳಿನಷ್ಟು ಆಕಾಶ

ಬಿಸಿ ಬಲ್ಬಿನ ಮೇಲೆ ಕೂತ ಧೂಳು ಸುಡುವಾಗ ಒಂದು ವಾಸನೆ ಬರುತ್ತದೆ. ಹೋದ ವಾರ ಬೈಲಹೊಂಗಲದ ಒಂದು ಫೋಟೋ ಸ್ಟುಡಿಯೋದಲ್ಲಿ, ಬಸ್ ಪಾಸಿಗೆಂದು ಫೋಟೋ ತೆಗೆಸಲು ಸ್ಟೂಲಿನ ಮೇಲೆ ಕೂತಿದ್ದೆ. ಸ್ಟುಡಿಯೋದವನು ಎರಡೂ ಕಡೆಯ ದೀಪ ಹಾಕಿದ. ಅರೆ ನಿಮಿಷಕ್ಕೆ ಆ ವಾಸನೆ ಮೂಗಿಗೆ ಬಡಿಯಿತು. “ಅಜ್ಜಾರ, ಸ್ವಲ್ಪ ನಗ್ರಿ” ಎಂದ. ನಗು ಬರಲಿಲ್ಲ. ಹತ್ತು ವರ್ಷದ ಹಿಂದಿನ ಒಬ್ಬ ಮಾಸ್ತರರು ನೆನಪಾಗಿದ್ದರು, ಅವರ ಜೊತೆಗೆ ಹಳೆಯ ಹೊಟ್ಟೆಕಿಚ್ಚೂ ಎದ್ದು ಬಂದಿತ್ತು. ತೀರಿಕೊಂಡವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎಂದು ಊರೂರಿಗೆ ಹೋಗಿ ಹೇಳುವವನು ನಾನೇ. ನನಗೆ ಮಾತ್ರ ಅದು ಇನ್ನೂ ಸಾಧ್ಯವಾಗಿಲ್ಲ.

ನಾನು ಪುರಾಣ ಹೇಳುವವನು. ಶ್ರಾವಣ ಬಂತೆಂದರೆ ಈ ಸೀಮೆಯ ಮಠಗಳಲ್ಲಿ ತಿಂಗಳಿಡೀ ಸಂಜೆ ಹೊತ್ತು ಪುರಾಣ ನಡೆಯುತ್ತದೆ. ಒಂದು ಕಡೆ ಗವಾಯಿ, ಇನ್ನೊಂದು ಕಡೆ ತಬಲಾದವರು, ನಡುವೆ ಗಾದಿಯ ಮೇಲೆ ನಾನು. ಕಿತ್ತೂರು, ದೇಗಾಂವ, ಸವದತ್ತಿ, ರಾಮದುರ್ಗ... ಎಲ್ಲ ಕಡೆ ಹೇಳಿದ್ದೇನೆ. ನನ್ನ ಧ್ವನಿಯ ಬಗ್ಗೆ ನನಗೆ ಸೊಕ್ಕಿತ್ತು, ಮುಚ್ಚಿಡುವುದೇನಿದೆ. ಹೆಂಗಸರನ್ನು ಅಳಿಸಬೇಕೆಂದರೆ ಅಳಿಸುತ್ತಿದ್ದೆ, ಗಂಡಸರನ್ನು ನಗಿಸಬೇಕೆಂದರೆ ನಗಿಸುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ಒಂದು ಶ್ರಾವಣದಲ್ಲಿ ಯರಗಟ್ಟಿ ಹತ್ತಿರದ ಒಂದು ಊರಿನವರು ನನ್ನನ್ನು ಕರೆಸಿದರು. ಆ ಮಠದಲ್ಲಿ ಅದು ನನಗೆ ನಾಲ್ಕನೆಯ ವರ್ಷ. ಊರು ನನ್ನದೇ ಎಂದುಕೊಂಡು ಹೋದೆ.

ಆ ವರ್ಷ ಅಲ್ಲಿಯ ಹೈಸ್ಕೂಲಿಗೆ ವಿಜ್ಞಾನದ ಮಾಸ್ತರರೊಬ್ಬರು ಹೊಸದಾಗಿ ಬಂದಿದ್ದರು. ರಾಮದುರ್ಗದ ಕಡೆಯವರು. ಗಿಡ್ಡ ಆಳು, ಸಣ್ಣ ದನಿ, ನಾಲ್ಕು ಮಾತಾಡಿದರೆ ಎರಡು ಗಂಟಲಲ್ಲೇ ಉಳಿಯುತ್ತಿದ್ದವು. ಇಂಥವರು ಮಕ್ಕಳಿಗೆ ಏನು ಕಲಿಸಿಯಾರು ಎಂದು ನಾನು ಮೊದಲ ದಿನವೇ ತೀರ್ಮಾನ ಕೊಟ್ಟಿದ್ದೆ. ಅವರ ಹತ್ತಿರ ಒಂದು ಹಳೆಯ ಸ್ಲೈಡು ತೋರಿಸುವ ಮಷಿನ್ ಇತ್ತು. ಆಕಾಶದಲ್ಲಿ ಹಾರಾಡುವ ದೊಡ್ಡ ದುರ್ಬೀನು ತೆಗೆದ ಚಿತ್ರಗಳನ್ನು ಧಾರವಾಡದ ಗೆಳೆಯರೊಬ್ಬರಿಂದ ತರಿಸಿ, ರವಿವಾರ ಸಂಜೆ ಸಾಲಿಯ ಗೋಡೆಯ ಮೇಲೆ ಬಿಡುತ್ತಿದ್ದರು.

ಮೊದಲ ರವಿವಾರ ನನ್ನ ಪುರಾಣಕ್ಕೆ ಹನ್ನೆರಡು ಜನ ಬಂದರು. ಹನ್ನೆರಡು! ಅದರಲ್ಲಿ ಇಬ್ಬರು ಗವಾಯಿ ಮತ್ತು ತಬಲಾದವರು. ಊರಿನ ಉಳಿದವರು ಸಾಲಿಯ ಚಿತ್ರ ನೋಡಿಕೊಂಡು, ಅರ್ಧ ಪುರಾಣವಾದ ಮೇಲೆ ಗುಂಪುಗುಂಪಾಗಿ ಬಂದು ಕೂತು, ತಮ್ಮ ತಮ್ಮಲ್ಲೇ ಪಿಸಿಪಿಸಿ ಮಾತಾಡತೊಡಗಿದರು. ನಾನು ಹೇಳುತ್ತಿದ್ದದ್ದು ಒಬ್ಬರ ಕಿವಿಗೂ ಬೀಳಲಿಲ್ಲ.

ಎರಡನೆಯ ರವಿವಾರ ಏನದು ನೋಡಿಯೇ ಬಿಡೋಣ ಎಂದು, ನಾನು ಬರುವತನಕ ಭಜನೆ ಹಾಡುತ್ತಿರಲು ಗವಾಯಿಗೆ ಹೇಳಿ, ತಲೆ ತುಂಬ ಶಾಲು ಹೊದ್ದು ಸಾಲಿಯ ಹಿಂಬಾಗಿಲಲ್ಲಿ ಹೋಗಿ ನಿಂತೆ. ಒಳಗೆ ಇನ್ನೂರು ಜನ, ಕತ್ತಲು, ಮಷಿನ್ನಿನ ಫ್ಯಾನು ತಿರುಗುವ ಸಪ್ಪಳ, ಆ ಸುಟ್ಟ ಧೂಳಿನ ವಾಸನೆ. ಗೋಡೆಯ ಮೇಲೆ ಮೂರು ಕಂಬದಂಥ ಮೋಡಗಳು ನಿಂತಿದ್ದವು. ಕಂದು, ಹಸಿರು, ತುದಿಯಲ್ಲಿ ಬೆಳಕು. ಅದು ಧೂಳಂತೆ. ಆ ಧೂಳಿನೊಳಗೆ ಚುಕ್ಕಿಗಳು ಹುಟ್ಟುತ್ತವಂತೆ. ಮಾಸ್ತರರು ಅಷ್ಟು ಹೇಳಿ ಸುಮ್ಮನಾದರು. ಜನವೂ ಸುಮ್ಮನಿತ್ತು.

ಆ ಸುಮ್ಮನಿರುವಿಕೆಯೇ ನನ್ನನ್ನು ಸುಟ್ಟದ್ದು. ಇಪ್ಪತ್ತು ವರ್ಷ ಪುರಾಣ ಹೇಳಿದವನು ನಾನು, ಅಳು ಕೇಳಿದ್ದೇನೆ, ನಗು ಕೇಳಿದ್ದೇನೆ, ಚಪ್ಪಾಳೆ ಕೇಳಿದ್ದೇನೆ. ಆದರೆ ನನ್ನ ಸಭೆಯಲ್ಲಿ ಯಾವಾಗಲೂ ಯಾರಾದರೊಬ್ಬರು ಕೆಮ್ಮುತ್ತಿದ್ದರು. ಇಲ್ಲಿ ಇನ್ನೂರು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಆ ಮೌನ ಮುರಿದವಳು ಆಯಿ. ಮಠದ ಅಂಗಳ ಸಾರಿಸುತ್ತಿದ್ದ ಮುದುಕಿ. ಊರೆಲ್ಲ ಅವಳಿಗೆ ಆಯಿ ಎಂದೇ ಕರೆಯುತ್ತಿತ್ತು.

“ಮಾಸ್ತರ, ಇದರಾಗ ನಮ್ಮೂರ ಎಲ್ಲೈತ್ರಿ?”

ಜನ ನಕ್ಕರು. ಮಾಸ್ತರರು ನಗಲಿಲ್ಲ.

“ನಾವು ಅದರಾಗ ಇಲ್ಲ ಆಯಿ. ನಾವು ನೋಡೋ ಕಡೆ ಅದೇವಿ.”

ಶಾಲಿನೊಳಗೇ ನಾನು ತುಟಿ ಕಚ್ಚಿಕೊಂಡೆ. ಅಂಥ ಒಂದು ಮಾತು ನನ್ನ ಬಾಯಲ್ಲಿ ಎಂದಾದರೂ ಬಂದಿತ್ತೇ? ಈ ಗಂಟಲು ಕಟ್ಟಿದ ಮನುಷ್ಯನಿಗೆ ಅದು ಎಲ್ಲಿಂದ ಬಂತು? ಹೊಟ್ಟೆಕಿಚ್ಚಿಗೆ ಬೇರೆ ಹೆಸರು ಕೊಡಲು ಆಗ ನೋಡಿದೆ. ಧರ್ಮದ ಚಿಂತೆ ಎಂದುಕೊಂಡೆ, ಮಕ್ಕಳ ಹಿತ ಎಂದುಕೊಂಡೆ. ಮಠಕ್ಕೆ ವಾಪಸು ಬರುವಷ್ಟರಲ್ಲಿ ಯಾವ ಹೆಸರೂ ನಿಲ್ಲಲಿಲ್ಲ.

ಆಯಿಯ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಆ ತಿಂಗಳ ಮೊದಲಲ್ಲಿ ಅವಳು ಪುರಾಣ ಮುಗಿದ ಮೇಲೆ ನನ್ನ ಹತ್ತಿರ ಬಂದು ಕೂತು, “ಶಾಸ್ತ್ರಿಗಳ, ಕೈಲಾಸ ಎಷ್ಟ ದೂರ ಐತ್ರಿ?” ಎಂದು ಕೇಳಿದ್ದಳು. ಅವಳ ಮಗಳು ಬಾಣಂತನದಲ್ಲಿ ತೀರಿಕೊಂಡು ಹತ್ತು ವರ್ಷವಾಗಿತ್ತಂತೆ. “ಇಷ್ಟೊತ್ತಿಗೆ ಮುಟ್ಟಿರಬೇಕಿಲ್ಲೋ?” ಎಂದಳು. ನಾನು ಸುತ್ತ ನಿಂತವರಿಗೆ ಕೇಳುವ ಹಾಗೆ ಧ್ವನಿ ಏರಿಸಿ, ಭಕ್ತಿಯಿದ್ದವರಿಗೆ ಅಂಗೈಯಷ್ಟು, ಇಲ್ಲದವರಿಗೆ ಕೋಟಿ ಯೋಜನ ಎಂದೆ. ಎಲ್ಲರೂ ತಲೆದೂಗಿದರು. ಆಯಿ ತಲೆದೂಗಲಿಲ್ಲ. ಅವಳಿಗೆ ಬೇಕಾದದ್ದು ಅದಾಗಿರಲಿಲ್ಲ, ಅದು ನನಗೂ ಗೊತ್ತಿತ್ತು.

ಅದೇ ಪ್ರಶ್ನೆಯನ್ನು ಅವಳು ಮಾಸ್ತರರಿಗೂ ಕೇಳಿದಳು. ಅವರು ಕೊಟ್ಟ ಉತ್ತರವನ್ನು ಓಣಿ ತುಂಬ ಹೇಳಿಕೊಂಡು ತಿರುಗಿದಳು. “ಕೈಲಾಸ ನನಗ ಗೊತ್ತಿಲ್ಲ ಆಯಿ. ಮನಶ್ಯಾನ ಕಣ್ಣು ಎಲ್ಲೀತನಕ ಮುಟ್ಟೈತೋ ಅಲ್ಲೀತನಕ ನಾ ತೋರಸ್ತೇನಿ. ಮುಂದಿಂದು ನೀನ ನೋಡ್ಕೋ” ಅಂದಿದ್ದರಂತೆ. ಆಮೇಲೆ ಆಯಿ ನನ್ನನ್ನು ಏನೂ ಕೇಳಲಿಲ್ಲ. ದಿನಾ ನಮಸ್ಕಾರ ಮಾಡುತ್ತಿದ್ದಳು, ಅಷ್ಟೇ.

ಮನುಷ್ಯನ ಕಣ್ಣು ಮುಟ್ಟಿದ ಆ ಕೊನೆಯ ಜಾಗದ ಚಿತ್ರ ಧಾರವಾಡದಿಂದ ಬರಲು ತಿಂಗಳ ಕೊನೆಯಾಯಿತು. ಅದನ್ನು ಪುರಾಣ ಮುಗಿಯುವ ಮಂಗಲದ ದಿನ ಮಠದಲ್ಲೇ ತೋರಿಸಲಿ ಎಂದು ಊರ ಹಿರಿಯರು ನಿರ್ಧರಿಸಿದರು. ಆಗ ಆ ಕಡೆ ಕರೆಂಟು ರಾತ್ರಿ ಎಂಟೂವರೆಗೆ ಹೋಗುತ್ತಿತ್ತು, ಗಡಿಯಾರ ತಪ್ಪಿದರೂ ಅದು ತಪ್ಪುತ್ತಿರಲಿಲ್ಲ. ನಾನು ಎಂಟಕ್ಕೆ ಮುಗಿಸಬೇಕು, ಉಳಿದ ಅರ್ಧ ತಾಸು ಮಾಸ್ತರರಿಗೆ. ಆಗಲಿ ಎಂದು ನಗುತ್ತ ಒಪ್ಪಿಕೊಂಡೆ.

ಅವತ್ತು ಮಧ್ಯಾಹ್ನ ಮಾಸ್ತರರು ಮಠಕ್ಕೆ ಬಂದರು. ನನ್ನ ಗಾದಿಯ ಹಿಂದಿನ ಗೋಡೆಗೆ ಬಿಳಿ ಧೋತರವೊಂದನ್ನು ಬಿಗಿಯಾಗಿ ಕಟ್ಟಿದರು. ಆಮೇಲೆ ನನ್ನ ಹತ್ತಿರ ಕೂತು, ಆ ಚಿತ್ರದ ಸಂಗತಿ ತಾವಾಗಿಯೇ ಹೇಳಿದರು. ಒಂದು ಖಸಖಸಿ ಕಾಳನ್ನು ಬೆರಳ ತುದಿಯಲ್ಲಿಟ್ಟು ಕೈ ಚಾಚಿದರೆ ಆಕಾಶ ಎಷ್ಟು ಮುಚ್ಚುತ್ತದೋ ಅಷ್ಟೇ ಜಾಗ. ಏನೂ ಇಲ್ಲದ ಕತ್ತಲು ಎಂದುಕೊಂಡ ಜಾಗ. ಅದನ್ನೇ ಆ ದುರ್ಬೀನು ಹತ್ತು ದಿನ ನೋಡಿತಂತೆ. ನೋಡಿದರೆ ಅದರಲ್ಲಿ ಸಾವಿರಾರು ಬೆಳಕು, ಒಂದೊಂದು ಬೆಳಕೂ ಕೋಟಿ ಕೋಟಿ ಸೂರ್ಯರ ಒಂದೊಂದು ಊರು. “ಯಾವ ಬೆಳಕಿನ ಸುತ್ತ ನಾಕ ಮುಳ್ಳ ಬಂದಾವೋ, ಅವಷ್ಟ ನಮ್ಮ ಓಣ್ಯಾಗಿನ ಚುಕ್ಕಿ. ಉಳದದ್ದೆಲ್ಲಾ ಪರಊರು” ಎಂದರು. ಕಣ್ಣು ತುಂಬಿಕೊಂಡಿದ್ದವು. ಸ್ಲೈಡನ್ನು ನನ್ನ ಕೈಗೆ ಕೊಟ್ಟು, “ಬೆಳಕಿಗೆ ಹಿಡದ ನೋಡ್ರಿ ಶಾಸ್ತ್ರಿಗಳ. ನಾಳೆ ಮುಂಜಾನಿ ಬಸ್ಸಿಗೆ ತಿರುಗಿ ಕಳಸಬೇಕು” ಎಂದರು. ನಾನು ನೋಡಲಿಲ್ಲ. ಸಂಜೆ ಎಲ್ಲರ ಜೊತೆ ನೋಡುತ್ತೇನೆ ಎಂದು ತಿರುಗಿ ಕೊಟ್ಟೆ. ಅವರೆದುರು ಬೆರಗಾಗುವುದು ನನಗೆ ಬೇಕಿರಲಿಲ್ಲ.

ಸಂಜೆ ಮಠದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಂಟಕ್ಕೆ ಮುಗಿಸುವುದೆಂದೇ ಶುರು ಮಾಡಿದೆ, ಇದು ಸುಳ್ಳಲ್ಲ. ಎಂಟಕ್ಕೆ ಐದು ನಿಮಿಷವಿದ್ದಾಗ ಮಾಸ್ತರರು ಸಭೆಯ ನಡುವೆ ಮೊಳಕಾಲೂರಿ ವೈರು ಜೋಡಿಸುತ್ತಿದ್ದರು. ಆಗ ಆಯಿ ಎದ್ದಳು. ನಾಲ್ಕು ವರ್ಷ ನನ್ನ ಗಾದಿಯ ಮುಂದೆಯೇ ಕೂತವಳು, ಜನರನ್ನು ದಾಟಿಕೊಂಡು ಹೋಗಿ ಮಷಿನ್ನಿನ ಪಕ್ಕ ಕೂತಳು.

ನನಗೆ ಏನಾಯಿತೋ... ಅಲ್ಲ, ಏನಾಯಿತೆಂದು ಚೆನ್ನಾಗಿ ಗೊತ್ತು. ಮಂಗಲದ ಪದ ಎತ್ತಿಕೊಳ್ಳಬೇಕಾದ ಗವಾಯಿಗೆ ಕೈ ಮಾಡಿ ತಡೆದೆ. ಒಂದು ಉಪಕಥೆ ತೆಗೆದೆ. ಅದರ ಬೆನ್ನಿಗೆ ಇನ್ನೊಂದು. ಎಂಟು ಗಂಟೆ ಹತ್ತು ನಿಮಿಷವಾಯಿತು. ಹಿರಿಯರು ಗಡಿಯಾರದ ಕಡೆ ಸನ್ನೆ ಮಾಡಿದರು, ನಾನು ಕಣ್ಣು ಮುಚ್ಚಿಕೊಂಡೆ. ಜನ ಮಿಸುಕಾಡತೊಡಗಿದಾಗ, ಅವರನ್ನು ಹಿಡಿದಿಡಲು ನನ್ನ ಹತ್ತಿರ ಬೇರೇನೂ ಉಳಿಯದಿದ್ದಾಗ, ಕೈ ಮುಂದೆ ಚಾಚಿ ಹೇಳಿದೆ: ಈ ಬೆರಳ ತುದಿಯಲ್ಲಿ ಒಂದು ಖಸಖಸಿ ಕಾಳು ಐತಿ ಅಂತ ತಿಳ್ಕೊರಿ...

ಮಧ್ಯಾಹ್ನ ಅವರು ಹೇಳಿದ್ದನ್ನೆಲ್ಲ ಹೇಳಿದೆ. ಕತ್ತಲು, ಹತ್ತು ದಿನ, ಸಾವಿರ ಬೆಳಕು, ನಮ್ಮ ಓಣಿ, ಪರಊರು, ಒಂದನ್ನೂ ಬಿಡಲಿಲ್ಲ. ನನ್ನ ಧ್ವನಿಯಲ್ಲಿ, ನನ್ನ ಏರಿಳಿತದಲ್ಲಿ ಹೇಳಿದೆ. ಸಭೆ ಗಪ್ಪಾಯಿತು. ಯಾರೂ ಕೆಮ್ಮಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಮೌನ ನನ್ನದಾಯಿತು. ಅದರ ರುಚಿ ಎಂಥದ್ದೆಂದು ಏನು ಹೇಳಲಿ, ಈಗ ನೆನೆದರೂ ಮೈ ಬಿಸಿಯಾಗುತ್ತದೆ. ಆ ಮೌನದಲ್ಲೇ ದೀಪಗಳು ಹೋದವು. ಎಂಟೂವರೆಯಾಗಿತ್ತು.

ಕಂದೀಲು ಹಚ್ಚಿದರು. ಮಂಗಲವಾಯಿತು, ನನಗೆ ಶಾಲು ಹೊದಿಸಿದರು. ಗದ್ದಲ ಕರಗಿದ ಮೇಲೆ ಮಾಸ್ತರರು ವೈರು ಸುತ್ತಿಕೊಳ್ಳುತ್ತ ನನ್ನ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರೆ ಹೇಳಲು ಉತ್ತರವನ್ನೂ ಹೊಂದಿಸಿಟ್ಟುಕೊಂಡಿದ್ದೆ.

“ಭಾಳ ಚೊಲೋ ಹೇಳಿದ್ರಿ ಶಾಸ್ತ್ರಿಗಳ. ನನಗ ಹಂಗ ಹೇಳಾಕ ಬರೂದಿಲ್ಲ.”

ಅವರ ಮುಖವನ್ನು ಕಂದೀಲಿನ ಬೆಳಕಲ್ಲಿ ಹುಡುಕಿ ಹುಡುಕಿ ನೋಡಿದೆ. ಸಿಟ್ಟಿರಲಿಲ್ಲ, ಕುಹಕ ಇರಲಿಲ್ಲ. ನನ್ನ ಮೇಲೆ ಅವರಿಗೆ ಒಂದು ಸಾಸಿವೆಯಷ್ಟಾದರೂ ಹೊಟ್ಟೆಕಿಚ್ಚು ಬರಬಾರದಿತ್ತೇ? ಬಂದಿದ್ದರೆ ನಾವಿಬ್ಬರೂ ಸಮ ಆಗುತ್ತಿದ್ದೆವು. ಅವತ್ತು ಅವರನ್ನು ಕಂಡು ಉರಿದಷ್ಟು ನಾನು ಮತ್ತೆ ಯಾರನ್ನು ಕಂಡೂ ಉರಿದಿಲ್ಲ.

ಆಯಿ ಇನ್ನೂ ಮಷಿನ್ನು ಇದ್ದ ಜಾಗದಲ್ಲೇ ಕೂತಿದ್ದಳು. “ಚಿತ್ರ ಎಲ್ಲೈತ್ರಿ?” ಎಂದಳು. “ಕರೆಂಟ ಹೋತು ಆಯಿ. ಮತ್ತೊಮ್ಮೆ ತರಸ್ತೇನಿ” ಎಂದರು ಮಾಸ್ತರರು. ಅವಳ ಕೈ ಹಿಡಿದು ಎಬ್ಬಿಸಿ ಮನೆತನಕ ಬಿಟ್ಟು ಬಂದರು.

ಮರುವರ್ಷ ಹೋದಾಗ ಮಾಸ್ತರರಿಗೆ ವರ್ಗವಾಗಿತ್ತು. ಆಯಿ ಸಂಕ್ರಾಂತಿಯ ಆಚೀಚೆ ತೀರಿಕೊಂಡಿದ್ದಳು. ಅಂಗಳವನ್ನು ಬೇರೆ ಯಾರೋ ಸಾರಿಸುತ್ತಿದ್ದರು. ಚಿತ್ರ ಬಂದಿತ್ತೇ ಎಂದು ಕೇಳಿದೆ, ಯಾವ ಚಿತ್ರ ಎಂದರು.

ಆ ಖಸಖಸಿ ಕಾಳನ್ನು ನಾನು ಬಿಡಲಿಲ್ಲ. ಆಮೇಲೆ ಪ್ರತಿ ಶ್ರಾವಣದಲ್ಲೂ ಯಾವುದಾದರೊಂದು ಮಠದಲ್ಲಿ ಕೈ ಚಾಚಿ ಅದನ್ನೇ ಹೇಳಿದ್ದೇನೆ. ಪ್ರತಿ ಸಲವೂ ಸಭೆ ಗಪ್ಪಾಗಿದೆ. ಯಾರ ಮಾತು ಎಂದು ಒಮ್ಮೆಯೂ ಹೇಳಿಲ್ಲ. ಒಂದು ಸಲ ಯರಗಟ್ಟಿ ಬಸ್‌ಸ್ಟ್ಯಾಂಡಿನಲ್ಲಿ, ಬಸ್ಸಿನ ಕಿಟಕಿಯಿಂದ, ಮಾಸ್ತರರನ್ನು ಕಂಡೆ. ತಲೆ ನರೆತಿತ್ತು, ಕೈಯಲ್ಲಿ ಕಾಯಿಪಲ್ಲೆಯ ಚೀಲ. ನಾನು ಚಪ್ಪಲಿ ಸರಿ ಮಾಡಿಕೊಳ್ಳುವವನಂತೆ ಬಗ್ಗಿದೆ. ಬಸ್ಸು ಬಿಟ್ಟ ಮೇಲೆ ಎದ್ದೆ. ಎರಡು ವರ್ಷದ ಹಿಂದೆ ಅವರು ಹೋದ ಸುದ್ದಿ ರಾಮದುರ್ಗದಲ್ಲಿ ಕೇಳಿದೆ. ಆ ಸಂಜೆಯೂ ಪುರಾಣವಿತ್ತು, ಹೇಳಿದೆ.

ಫೋಟೋ ತಯಾರಾಗುವ ತನಕ ಕೂತಿರಲು ಸ್ಟುಡಿಯೋದವನು ಕಂಪ್ಯೂಟರಿನ ಪಕ್ಕ ಕುರ್ಚಿ ಹಾಕಿಕೊಟ್ಟ. ಅವನು ಯಾರದೋ ಮದುವೆಯ ಆಲ್ಬಮ್ ಮಾಡುತ್ತಿದ್ದ. ಈಗಿನವರು ಮದುಮಕ್ಕಳನ್ನು ಮೋಡದ ಮೇಲೆ ನಿಲ್ಲಿಸುತ್ತಾರೆ, ಕಮಲದ ಹೂವಿನಲ್ಲಿ ಕೂರಿಸುತ್ತಾರೆ. ಇವರಿಬ್ಬರನ್ನು ಕತ್ತಲೆಯಲ್ಲಿ ತೇಲಿಬಿಟ್ಟಿದ್ದ. ಮದುಮಗಳ ತಲೆಯ ಸುತ್ತ ಕೆಂಪು, ಹಳದಿ, ನೀಲಿ ಬೆಳಕಿನ ಚೂರುಗಳು. ಕೆಲವು ಸುರುಳಿ ಸುತ್ತಿದ್ದವು. ಒಂದಕ್ಕೆ ನಾಲ್ಕು ಮುಳ್ಳುಗಳಿದ್ದವು.

“ಇವರನ್ನ ಸ್ವಲ್ಪ ಸರಸ್ತೀಯೇನಪಾ?” ಎಂದೆ.

“ಯಾರನ್ರಿ?”

“ಆ ಗಂಡಾ ಹೆಂಡತೀನ.”

ಅವನು ನಕ್ಕು ಇಬ್ಬರನ್ನೂ ತೆಗೆದ. ಹಿಂದಿನದು ಪೂರ್ತಿ ಕಂಡಿತು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ. ಹತ್ತು ವರ್ಷ ನಾನು ಹೇಳಿಕೊಂಡು ಬಂದದ್ದಕ್ಕೂ ಇದಕ್ಕೂ ಏನೇನೂ ಸಂಬಂಧವಿರಲಿಲ್ಲ. ನಾನು ಹೇಳಿದ್ದು ಬರಿಯ ಲೆಕ್ಕ. ಇದು ಎಷ್ಟು ಚೆಂದ ಇತ್ತೆಂದರೆ... ಆ ಮನುಷ್ಯ ಇದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬಂದಿದ್ದರು. ಮೊದಲು ನೋಡಲು ನನ್ನ ಕೈಗೆ ಕೊಟ್ಟಿದ್ದರು. ಆ ಮುದುಕಿ, ತನ್ನ ಮಗಳು ಎಷ್ಟು ದೂರ ಹೋಗಿರಬಹುದೆಂದು ಇದರಲ್ಲಿ ಹುಡುಕುತ್ತಿದ್ದಳು, ಸಿಗುತ್ತಿತ್ತೋ ಇಲ್ಲವೋ, ಹುಡುಕಲಾದರೂ ಒಂದು ಜಾಗ ಇರುತ್ತಿತ್ತು.

ನಾನು ಬಹಳ ಹೊತ್ತು ನೋಡಿದೆನೆಂದು ಕಾಣುತ್ತದೆ. ಸ್ಟುಡಿಯೋದವನಿಗೆ ಉಮೇದು ಬಂತು.

“ಅಜ್ಜಾರ, ಇದರ ಮುಂದ ನಿಮ್ಮ ಫೋಟೋ ಕೂಡಸ್ಲೇನ್ರಿ? ಚೊಲೋ ಕಾಣತೈತಿ.”

“ಬ್ಯಾಡಪಾ,” ಎಂದೆ. “ನಾ ಒಮ್ಮೆ ಇದರ ಮುಂದ ಕುಂತೇನಿ. ಹಿಂದಿಂದು ಯಾರಿಗೂ ಕಾಣಲಿಲ್ಲ.”

ಅವನಿಗೆ ತಿಳಿಯಲಿಲ್ಲ. ಮದುಮಕ್ಕಳನ್ನು ಮತ್ತೆ ತಂದು ಅವರ ಜಾಗದಲ್ಲಿ ನಿಲ್ಲಿಸಿದ.