ಫೇಲಾದವರ ಜಾಡಿ

ಕಾಲೇಜಿನಲ್ಲಿ ಎಲ್ಲರಿಗೂ ಆಕೆ ಲ್ಯಾಬಕ್ಕ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಗಾಜು ತೊಳೆದವರು. ಆಸಿಡ್ ತಿಂದ ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿಲ್ಲ. ವಿದ್ಯಾರ್ಥಿಗಳ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ. ಯಾರು ಏನು ಒಡೆದರು ಎಂಬುದು ಮಾತ್ರ ಮರೆಯುತ್ತಿರಲಿಲ್ಲ. ಹಾಗಾಗಿ ಒಬ್ಬ ಫನೆಲ್ಲು, ಒಬ್ಬಳು ಬೀಕರು, ಇನ್ನೊಬ್ಬ ಬ್ಯುರೆಟ್ಟು. ಎದುರು ಮನೆಯವಳಾದ ನನಗೆ ಈ ಕಥೆಯನ್ನು ಅವರು ಬಟ್ಟೆ ಒಣಹಾಕುತ್ತಾ ಕಂತುಕಂತಾಗಿ ಹೇಳಿದರು.

ಆ ಲ್ಯಾಬಿನ ಮೇಷ್ಟ್ರು ಪ್ರತಿ ಶನಿವಾರ ಮಧ್ಯಾಹ್ನ ಫೇಲಾದವರನ್ನು ಕೂರಿಸಿಕೊಂಡು ಮೊದಲಿನಿಂದ ಪಾಠ ಹೇಳುತ್ತಿದ್ದರು. "ಪಾಸಾದವರಿಗೆ ಪುಸ್ತಕ ಸಾಕು, ಫೇಲಾದವರಿಗೆ ಮನುಷ್ಯ ಬೇಕು" ಎನ್ನುತ್ತಿದ್ದರಂತೆ. ಅವರು ತೀರಿಕೊಂಡಾಗ ಅವರ ಹೆಸರಿನಲ್ಲಿ ವಿದ್ಯಾರ್ಥಿವೇತನ ಇಡಲು ಕಾಲೇಜು ಸಭೆ ಕರೆಯಿತು. ಮೊದಲ ರ‍್ಯಾಂಕಿನವರಿಗೆ ಕೊಡುವುದು ಎಂದು ಮಾತಾಯಿತು. ನೀರಿನ ಲೋಟ ಇಡಲು ಬಂದಿದ್ದ ಲ್ಯಾಬಕ್ಕ ಅಲ್ಲೇ ನಿಂತುಬಿಟ್ಟರು.

"ರ‍್ಯಾಂಕ್ ಬರೋರು ಮೇಷ್ಟ್ರು ಇಲ್ದಿದ್ರೂ ಬರ್ತಿದ್ರು ಸಾರ್. ಫೇಲಾಗಿ ಮತ್ತೆ ಪರೀಕ್ಷೆ ಕಟ್ಟೋರಿಗೆ ಹೋಗ್ಲಿ ಆ ದುಡ್ಡು."

ಪ್ರಿನ್ಸಿಪಾಲರು ನಕ್ಕರು. "ಫೇಲಾಗಿದ್ದೆ ಅಂತ ಬಾಯಿಬಿಡೋರು ಯಾರಮ್ಮಾ? ಮೇಷ್ಟ್ರ ಹತ್ರ ಕಲಿತ ಐವತ್ತು ಜನರ ಕೈಯಲ್ಲಿ ಬರೆಸ್ಕೊಂಡು ಬನ್ನಿ, ನಿಮ್ಮ ಮಾತೇ ನಡೀಲಿ. ಎರಡು ತಿಂಗಳು ಟೈಮು."

"ಅದನ್ನ ಸಭೆ ಪುಸ್ತಕದಲ್ಲಿ ಬರ್ಕೊಳ್ಳಿ ಸಾರ್."

ನಗುತ್ತಲೇ ಬರೆದುಕೊಂಡರು.

ಬಾಯಿ ಬಿರಿದ ಗಾಜಿನ ಜಾಡಿಯೊಂದನ್ನು ಚೀಲಕ್ಕೆ ಹಾಕಿಕೊಂಡು ಲ್ಯಾಬಕ್ಕ ಹೊರಟರು. ವಿದ್ಯಾರ್ಥಿವೇತನಕ್ಕೆ ದುಡ್ಡನ್ನೂ ಕೂಡಿಸಬೇಕಿತ್ತು, ಆದರೆ ಫೇಲಾದದ್ದನ್ನು ಬರೆದ ಚೀಟಿಯಿಲ್ಲದೆ ಯಾರ ಕಾಸನ್ನೂ ಮುಟ್ಟುವುದಿಲ್ಲ ಎಂಬುದು ಅವರ ಪಟ್ಟು. ಮೊದಲು ಬಸ್ ಡಿಪೋ.

"ಎಲ್ಲಪ್ಪಾ ನಮ್ಮ ಫನೆಲ್ಲು?"

ಬಸ್ಸಿನಡಿಯಿಂದ ತಲೆಯೊಂದು ಹೊರಬಂತು. "ಅಯ್ಯೋ ಲ್ಯಾಬಕ್ಕಾ, ಮೆಲ್ಲಗೆ! ಇಲ್ಲಿ ನಾನು ಹೆಡ್ ಮೆಕ್ಯಾನಿಕ್ಕು."

"ಆಗಿರು, ಯಾರು ಬೇಡ ಅಂದ್ರು? ಎಷ್ಟು ಸಲ ಫೇಲಾದೆ, ಅದನ್ನ ಬರಿ."

"ದುಡ್ಡು ಬೇಕಾದ್ರೆ ಜಾಸ್ತಿ ತಗೊಳ್ಳಿ, ಮಾನ ಒಂದು ಬಿಟ್ಬಿಡಿ."

"ಮಾನ ಹೋಗೋದಿದ್ರೆ ಫನೆಲ್ ಒಡೆದ ದಿನಾನೇ ಹೋಗ್ತಿತ್ತು. ಬರಿ."

ಗ್ರೀಸಿನ ಕೈ ಒರೆಸಿಕೊಂಡು ಆತ ಬರೆದ: ಮೂರು ಸಲ. ನಾಲ್ಕನೇ ಸಲ ಮೇಷ್ಟ್ರು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ನರ್ಸಾಗಿರುವ ಬೀಕರು ಬರೆದದ್ದಲ್ಲದೆ ಗಂಡನಿಗೂ ಫೋನಿನಲ್ಲಿ ಓದಿ ಹೇಳಿದಳು. ಮದುವೆಯಾದ ಹನ್ನೆರಡು ವರ್ಷಕ್ಕೆ ಮೊದಲ ಸಲ. ಕೆಲವರು ಬಾಗಿಲು ಹಾಕಿಕೊಂಡರು. ಕೊನೆಯ ದಿನದ ಹೊತ್ತಿಗೆ ಜಾಡಿಯಲ್ಲಿ ನಲವತ್ತೊಂಬತ್ತು ಚೀಟಿ.

ಉಳಿದದ್ದು ಬ್ಯುರೆಟ್ಟು. ಈಗ ಔಷಧಿ ಕಾರ್ಖಾನೆಯ ಮಾಲೀಕ. ಎದ್ದು ನಿಂತು ಚೆಕ್ಕು ಕೊಟ್ಟ.

"ಉಳಿದವರದ್ದೆಲ್ಲ ಸೇರಿಸಿದ್ರೂ ಇದರ ಅರ್ಧ ಆಗಲ್ಲ, ಲ್ಯಾಬಕ್ಕ."

"ಚೀಟಿ?"

"ಮಕ್ಕಳು ಬೆಳೆದಿದ್ದಾರೆ. ಅಪ್ಪ ಫೇಲು ಅಂತ ಗೊತ್ತಾದ್ರೆ..."

"ಹಾಗಾದ್ರೆ ಇದನ್ನ ನೀವೇ ಇಟ್ಕೊಳ್ಳಿ, ಸಾರ್."

ಬ್ಯುರೆಟ್ಟನ್ನು ಅವರು ಸಾರ್ ಎಂದು ಕರೆದದ್ದು ಅದೇ ಮೊದಲು.

ಮನೆಗೆ ಬಂದು ಜಾಡಿಯನ್ನು ಮೇಜಿನ ಮೇಲಿಟ್ಟರು. ಸೊಸೆ ರೇಗಿಸಿದಳು: "ಅತ್ತೆ, ಎಲ್ಲರ ಮಾನವನ್ನೂ ಜಾಡಿಗೆ ತುಂಬಿದ್ರಿ, ನಿಮ್ದೊಂದೇ ಬಾಕಿ."

ಲ್ಯಾಬಕ್ಕ ನಗಲಿಲ್ಲ. ಅವರು ಕಾಲೇಜಿಗೆ ಸೇರಿದ್ದು ಕಸ ಗುಡಿಸಲು. ಲ್ಯಾಬಿನ ಕೆಲಸ ಕಾಯಂ ಆಗಬೇಕಾದರೆ ಹತ್ತನೇ ತರಗತಿ ಪಾಸಾಗಬೇಕಿತ್ತು. ಗಣಿತದಲ್ಲಿ ಎರಡು ಸಲ ಫೇಲಾಗಿ, ಮನೆಯಲ್ಲಿ ಓವರ್‌ಟೈಮ್ ಎಂದು ಹೇಳಿ, ಶನಿವಾರಗಳಂದು ಅದೇ ಲ್ಯಾಬಿನ ಕೊನೆಯ ಬೆಂಚಿನಲ್ಲಿ ಮೇಷ್ಟ್ರ ಹತ್ತಿರ ಲೆಕ್ಕ ಕಲಿತಿದ್ದರು. ಗಂಡನಿಗೂ ಹೇಳಿರಲಿಲ್ಲ. ಎರಡು ತಿಂಗಳು ಊರೆಲ್ಲ ಬರೆಸಿದವರು ತಾವು ಬರೆದಿರಲಿಲ್ಲ. ದೇವರು ಕೆಲವರಿಗೆ ಧೈರ್ಯವನ್ನು ತಡವಾಗಿ ಕೊಡುತ್ತಾನೆ. ತೂಕ ಕಡಿಮೆ ಮಾಡಿ ಕೊಡುವುದಿಲ್ಲ.

"ಆ ಪೆನ್ನು ಕೊಡಮ್ಮಾ" ಎಂದರು ಸೊಸೆಗೆ.

ಅದೇ ಮಧ್ಯಾಹ್ನ ಪ್ರಿನ್ಸಿಪಾಲರು ಚೀಟಿಗಳನ್ನು ಎಣಿಸಿ, ಐವತ್ತನೆಯದನ್ನು ಎರಡು ಸಲ ಓದಿದರು. "ನೀವು ಈ ಕಾಲೇಜಲ್ಲಿ ಓದಿದವರಲ್ಲವಲ್ಲಮ್ಮಾ?"

"ಮೇಷ್ಟ್ರ ಹತ್ರ ಕಲಿತವರು ಅಂತ ತಾನೇ ಸಾರ್ ಬರ್ಕೊಂಡಿದ್ದು? ಪುಸ್ತಕ ತೆಗೀರಿ. ಬೇಕಿದ್ರೆ ನಾನು ಕೂತಿದ್ದ ಬೆಂಚೂ ತೋರಿಸ್ತೀನಿ."

ಪುಸ್ತಕ ತೆಗೆದರು. ಓದಿದರು. ಈ ಸಲ ನಗಲಿಲ್ಲ. ಅದೇ ಪುಟದಲ್ಲಿ ಒಪ್ಪಿಗೆಯ ಸಹಿ ಹಾಕಲು ಮೇಜಿನ ಮೇಲೆ ಪೆನ್ನು ಹುಡುಕಿದರು. ಲ್ಯಾಬಕ್ಕ ತಮ್ಮದನ್ನೇ ಮುಂದೆ ಹಿಡಿದರು.