ಬಾಲದ ಚುಕ್ಕಿಯ ಸುದ್ದಿ ಹೊತ್ತು ಶಿಡ್ಲಘಟ್ಟಕ್ಕೆ

೧೯೮೬ರ ಏಪ್ರಿಲ್‌ನ ಒಂದು ಭಾನುವಾರ ಬೆಳಿಗ್ಗೆ ಗೌರಿಬಿದನೂರಿನಲ್ಲಿ ಬಸ್ಸು ಹತ್ತಿದೆ. ನಮ್ಮ ಹಳ್ಳಿಶಾಲೆಯ ರಹೀಂ ಮೇಷ್ಟ್ರು ನಿವೃತ್ತರಾಗಿ ಶಿಡ್ಲಘಟ್ಟದಲ್ಲಿದ್ದರು. ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಬಾಲದ ಚುಕ್ಕಿಗಾಗಿ ಆಯುಷ್ಯವಿಡೀ ಕಾದವರು. ಅದು ಬರುವ ಹೊತ್ತಿಗೆ ಅವರ ಎರಡೂ ಕಣ್ಣು ಹೋಗಿದ್ದವು. ನಾನದನ್ನು ಹಿಂದಿನ ವಾರ ಕುಡುಮಲಕುಂಟೆಯ ಆಚೆ ಹೊಲದಲ್ಲಿ ನಿಂತು ನೋಡಿ ನಿರಾಸೆಪಟ್ಟಿದ್ದೆ. ಅವರಿಗೆ ಏನೆಂದು ಹೇಳುವುದು ಎಂಬುದೇ ದಾರಿಯುದ್ದಕ್ಕೂ ಚಿಂತೆ.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಬೇಕು. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಇಡ್ಲಿ ತಿಂದು, ಮೇಷ್ಟ್ರಿಗೆಂದು ದ್ರಾಕ್ಷಿ ಕಟ್ಟಿಸಿಕೊಂಡೆ. ಶಿಡ್ಲಘಟ್ಟದ ಬಸ್ಸಿನಲ್ಲಿ ರೇಷ್ಮೆಗೂಡಿನ ಚೀಲಗಳಿಗೆ ಸೀಟು, ನಮಗೆ ನಿಲ್ಲುವ ಭಾಗ್ಯ.

ನಿಂತಲ್ಲೇ ಹಳೆಯದೆಲ್ಲ ನೆನಪಾಯಿತು. ನಮ್ಮ ಕಡೆ ಮಕ್ಕಳು ಹುಟ್ಟಿದ ದಿನ ಯಾರಿಗೂ ಗೊತ್ತಿರುತ್ತಿರಲಿಲ್ಲ. ಬೇರೆ ಶಾಲೆಗಳಲ್ಲಿ ಎಲ್ಲರಿಗೂ ಜೂನ್ ಒಂದು ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ನಮ್ಮ ಮೇಷ್ಟ್ರು ಮಾತ್ರ ಒಬ್ಬೊಬ್ಬರಿಗೆ ಒಬ್ಬೊಬ್ಬ ವಿಜ್ಞಾನಿಯ ಜನ್ಮದಿನ ಹಂಚುತ್ತಿದ್ದರು. ಆ ದಿನ ಬಂದಾಗ ಅವರ ಕಥೆ ಹೇಳಿ ಕಡ್ಲೆಮಿಠಾಯಿ ಕೊಡುತ್ತಿದ್ದರು. ನನ್ನ ಗೆಳತಿ ಸುಬ್ಬಮ್ಮನಿಗೆ ರೇಡಿಯಂ ಕಂಡುಹಿಡಿದ ಮಹಾತಾಯಿಯ ದಿನ ಸಿಕ್ಕಿತ್ತು. ನನಗೆ ಬರೀ ಸಂಕ್ರಾಂತಿ. ಅವಳ ಜಂಬಕ್ಕೆ ಎಷ್ಟು ಹೊಟ್ಟೆ ಉರಿದಿತ್ತೋ! ಆ ಹೊಟ್ಟೆಯುರಿಯೂ ಈಗ ಬೇಕೆನಿಸಿತು.

ಗೂಡು ಬೇಯಿಸುವ ವಾಸನೆಯ ಬೀದಿಯಲ್ಲಿ ಅವರ ಮನೆ. ನನ್ನ ದನಿ ಕೇಳಿದ್ದೇ, "ಜನವರಿ ಹದಿನಾಲ್ಕಲ್ವೇನಮ್ಮ?" ಎಂದರು. ಹಳೆಯ ಮುನಿಸು ತಡೆಯದೆ, ನನಗೇಕೆ ಹಬ್ಬ ಕೊಟ್ಟಿರಿ ಎಂದು ಕೇಳಿಯೇಬಿಟ್ಟೆ. ಹಬ್ಬವಲ್ಲವಂತೆ. ಈ ಬಾಲದ ಚುಕ್ಕಿ ಮತ್ತೆ ಯಾವಾಗ ಬರುತ್ತದೆಂದು ಮೊದಲು ಲೆಕ್ಕ ಹಾಕಿದ ಪುಣ್ಯಾತ್ಮ, ತನ್ನ ದೇಶದ ಅಂದಿನ ಪಂಚಾಂಗದಂತೆ, ತೀರಿಕೊಂಡ ದಿನವಂತೆ. ಆತ ಹೇಳಿದಂತೆಯೇ ಚುಕ್ಕಿ ಬಂತು; ನೋಡಲು ಆತನೇ ಇರಲಿಲ್ಲ. ಆ ಸಾವಿನ ದಿನಕ್ಕೂ ಒಂದು ಮಗು ಇರಲಿ ಎಂದು ಮೇಷ್ಟ್ರಿಗೆ ಎನಿಸಿತಂತೆ.

ಅವರ ಹೆಂಡತಿ ಟೀ ತಂದಿಟ್ಟರು. ಚುಕ್ಕಿಯನ್ನು ನೋಡಿದೆಯಾ ಎಂದು ಮೇಷ್ಟ್ರು ಕೇಳಿದರು. ನನಗಿಂತ ಮುಂಚೆ ಬಂದ ಶಿಷ್ಯರೆಲ್ಲ ಆಕಾಶದ ತುಂಬ ಬಾಲ, ಬೆಳಕೋ ಬೆಳಕು ಎಂದು ವರ್ಣಿಸಿದ್ದರಂತೆ. ನನಗೂ ಹಾಗೇ ಹೇಳುವ ಆಸೆಯಾಯಿತು. ಆ ಮುಖ ನೋಡಿ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಅಂಥಾದ್ದೇನೂ ಇರ್ಲಿಲ್ಲ ಮೇಷ್ಟ್ರೇ. ಬೋರ್ಡ್ ಒರೆಸಿದ್ಮೇಲೆ ಸೀಮೆಸುಣ್ಣದ ಮಸುಕು ಉಳಿಯುತ್ತಲ್ಲ, ಅಷ್ಟೇ."

ಮೇಷ್ಟ್ರು ತಡವರಿಸಿ ನನ್ನ ಕೈ ಹಿಡಿದುಕೊಂಡರು.

"ಈ ಸಲ ಅದು ನಮ್ಮಿಂದ ದೂರ ಕಣಮ್ಮ, ಅಷ್ಟೇ ಕಾಣ್ಬೇಕು," ಎಂದರು. "ನೀನೊಬ್ಳೇ ನೋಡಿರೋದು."